ಗ್ರೇಬರ್ ಜೊತೆಗಿನ ಜಗಳವನ್ನು ಇನ್ನು ಯಾರ ಹತ್ತಿರ ಮಾಡಲಿ?

ಪಿಗ್ಮಿ ಲೈನ್, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಸಹಕಾರಿ ಸಂಘದಲ್ಲಿ ಪಿಗ್ಮಿ, ಅಂದರೆ ದಿನದ ಸಣ್ಣ ಉಳಿತಾಯದ ಕಲೆಕ್ಟರ್. ದೋಣಿಯಿಂದ ಮೀನು ಇಳಿಸುವ ದಕ್ಕೆ, ಬಂದರು, ರಥಬೀದಿ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಸುತ್ತಮುತ್ತ ನನ್ನ ಲೈನು. ದಿನಾ ಅಂಗಡಿ ಅಂಗಡಿಗೆ ಹೋಗಿ ಐವತ್ತು ನೂರು ಒಟ್ಟು ಮಾಡುವುದು, ಮೆಷಿನ್‌ನಿಂದ ಚೀಟಿ ಹರಿದು ಕೊಡುವುದು, ಸುಸ್ತಿ ಬಿದ್ದವರಿಗೆ ಕಂತಿನ ನೆನಪು ಮಾಡುವುದು. ಇಷ್ಟೇ ಕೆಲಸ.

ನನ್ನ ಪ್ರಶ್ನೆ ಇದು. ಡೇವಿಡ್ ಗ್ರೇಬರ್ ಅಂತ ಒಬ್ಬ ಮಾನವಶಾಸ್ತ್ರಜ್ಞರಿದ್ದರು. 2020ರ ಸೆಪ್ಟೆಂಬರ್ 2ರಂದು ವೆನಿಸ್‌ನಲ್ಲಿ ತೀರಿಕೊಂಡರು. ಅವರ ಪುಸ್ತಕ ಓದಿದ ಮೇಲೆ ನಾನು ನನ್ನ ಕೆಲಸವನ್ನು ನೋಡುವ ರೀತಿಯೇ ಬೇರೆ ಆಯಿತು. ಆದರೆ ಅವರ ಜೊತೆ ನನ್ನದೊಂದು ದೊಡ್ಡ ಜಗಳ ಬಾಕಿ ಉಂಟು. ಸೆಪ್ಟೆಂಬರ್ ಬಂದಾಗಲೆಲ್ಲ ಅದು ಎದ್ದು ಕೂರುತ್ತದೆ. ನಿಮಗೂ ಹೀಗೆ ಯಾರಾದರೂ ಲೇಖಕರು ಹೋದ ಮೇಲೆ ಆಗಿದೆಯಾ? ಎಂತ ಮಾಡಿದಿರಿ?

ಅವರ ಹೆಸರು ಕೇಳದವರಿಗೆ ಸ್ವಲ್ಪ ಹೇಳುತ್ತೇನೆ. ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ, 1961ರಲ್ಲಿ. ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸಗಾರ, ಅಮ್ಮ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವರು. ಮಡಗಾಸ್ಕರ್ ದ್ವೀಪದ ಹಳ್ಳಿಗಳಲ್ಲಿ ಸುಮಾರು ಎರಡು ವರ್ಷ ಇದ್ದು ಪಿಎಚ್‌ಡಿ ಮಾಡಿದರು. ಯೇಲ್‌ನಲ್ಲಿ ಪಾಠ ಹೇಳುತ್ತಿದ್ದರು, ಅಲ್ಲಿ ಅವರ ಒಪ್ಪಂದ ಮುಂದುವರಿಸಲಿಲ್ಲ. ಆಮೇಲೆ ಲಂಡನ್ನಿಗೆ ಹೋದರು. 2011ರಲ್ಲಿ ವಾಲ್‌ಸ್ಟ್ರೀಟ್ ಹತ್ತಿರದ ಪಾರ್ಕಿನಲ್ಲಿ ಜನ ಟೆಂಟ್ ಹಾಕಿ ಕೂತರಲ್ಲ, ಅದನ್ನು ಶುರುಮಾಡಿದವರಲ್ಲಿ ಇವರೂ ಒಬ್ಬರು. ಅದೇ ವರ್ಷ ಸಾಲದ ಐದು ಸಾವಿರ ವರ್ಷದ ಇತಿಹಾಸ ಹೇಳುವ ದಪ್ಪ ಪುಸ್ತಕ ಬಂತು. ಹೆಸರು ‘ಡೆಟ್’.

ಅಕ್ಕನ ಮಗಳು ಕೊಣಾಜೆಯಲ್ಲಿ ಎಂ.ಎ. ಮಾಡುವಾಗ ನಮ್ಮ ಮನೆಯಲ್ಲಿದ್ದಳು. ಹೋಗುವಾಗ ಆ ಪುಸ್ತಕ ಬಿಟ್ಟು ಹೋದಳು. ನಾನು ಬಿ.ಕಾಂ. ಇಂಗ್ಲಿಷಿನವ. ಮೊದಲ ಅಧ್ಯಾಯ ಮುಗಿಸಲಿಕ್ಕೇ ಒಂದು ಮಳೆಗಾಲ ಬೇಕಾಯಿತು. ಆದರೆ ಬಿಡಲಿಕ್ಕೆ ಆಗಲಿಲ್ಲ. ಯಾಕೆಂದರೆ ಶುರುವಿನಲ್ಲೇ ಲಂಡನ್ನಿನ ಒಂದು ಪಾರ್ಟಿಯಲ್ಲಿ ಒಬ್ಬರು ವಕೀಲರು ಗ್ರೇಬರ್‌ಗೆ ಹೇಳುತ್ತಾರೆ, ತೆಗೆದುಕೊಂಡ ಸಾಲವನ್ನು ತೀರಿಸಲೇಬೇಕಲ್ವಾ ಅಂತ. ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತು! ಆ ವಕೀಲೆ ಕೆಟ್ಟವರಲ್ಲ. ಬಡವರ ಪರ ಕೆಲಸ ಮಾಡುವವರೇ. ಆದರೂ ಆ ಮಾತು ಮಾತ್ರ ಪ್ರಶ್ನೆ ಮಾಡಬಾರದ ಸತ್ಯ ಅನ್ನುವ ಹಾಗೆ ಬಾಯಿಗೆ ಬರುತ್ತದೆ.

ಅದಕ್ಕೆ ಗ್ರೇಬರ್ ಕೊಡುವ ಉತ್ತರ ಮಡಗಾಸ್ಕರ್‌ನದ್ದು. ಅಲ್ಲಿನ ಎತ್ತರದ ಪ್ರದೇಶದಲ್ಲಿ ಮಲೇರಿಯಾ ಹೆಚ್ಚುಕಡಿಮೆ ಇಲ್ಲದ ಹಾಗೆ ಆಗಿತ್ತು. ಸೊಳ್ಳೆ ನಿಯಂತ್ರಣ ನಿಲ್ಲಿಸದೆ ನಡೆಸಬೇಕು, ಅದಕ್ಕೆ ದುಡ್ಡು ಬೇಕು. ಸಾಲ ಕೊಟ್ಟ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಖರ್ಚು ಕಡಿಮೆ ಮಾಡಿ ಅಂದಿತು. ಆ ಕೆಲಸ ನಿಂತಿತು. ಹತ್ತು ಸಾವಿರ ಜನ ಸತ್ತರು ಅಂತ ಬರೆಯುತ್ತಾರೆ. ಒಂದು ಬ್ಯಾಂಕಿನ ಪುಸ್ತಕದಲ್ಲಿ ನಷ್ಟ ಬೀಳದಿರಲಿಕ್ಕೆ ಇಷ್ಟು ಜನ ಸಾಯಬೇಕಿತ್ತಾ ಅಂತ ಅವರ ಪ್ರಶ್ನೆ. ಮಲೇರಿಯಾ ಅಂದರೆ ಎಂತದ್ದು ಅಂತ ಮಂಗಳೂರಿನವರಿಗೆ ಬೇರೆ ಹೇಳಬೇಕಾ? ನಮ್ಮ ಮನೆಯಲ್ಲಿ ಜ್ವರ ಬಂದರೆ ಮೊದಲು ರಕ್ತಪರೀಕ್ಷೆ, ಆಮೇಲೆ ಗಂಜಿ.

ಆ ಪುಸ್ತಕ ಹಿಡಿದುಕೊಂಡೇ ನಾನು ಲೈನಿಗೆ ಹೋಗಲಿಕ್ಕೆ ಶುರು ಮಾಡಿದೆ. ಬ್ಯಾಗಿನಲ್ಲಿ ಮೆಷಿನು, ಪಕ್ಕದಲ್ಲಿ ಗ್ರೇಬರ್.

ದಕ್ಕೆಯಲ್ಲಿ ಒಬ್ಬರು ಮೀನು ಮಾರುವ ಅಕ್ಕ ಇದ್ದಾರೆ. ಅವರ ಹಣ ಯಾವಾಗಲೂ ಒದ್ದೆ. ಸೊಂಟದ ಚೀಲದಿಂದ ತೆಗೆದು, ನೋಟನ್ನು ಒಂದೊಂದಾಗಿ ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಹರಡಿ, ಐವತ್ತು ಬೇರೆ ನೂರು ಬೇರೆ ಮಾಡುತ್ತಾರೆ. ಆಮೇಲೆ ನನಗೆ ಕೊಡುವ ಮೊದಲು ಒಂದು ನೂರನ್ನು ಬದಿಗೆ ಇಡುತ್ತಾರೆ. ಆ ನೂರು ನನ್ನದಲ್ಲ. ಬೈಕಿನಲ್ಲಿ ಬರುವ ಇನ್ನೊಬ್ಬನದ್ದು. ಅವನ ಲೆಕ್ಕ ಹೀಗೆ: ಹತ್ತು ಸಾವಿರ ಅಂತ ಬರೆಸಿಕೊಳ್ಳುತ್ತಾನೆ, ಒಂದು ಸಾವಿರ ಅಲ್ಲೇ ಹಿಡಿದು ಒಂಬತ್ತು ಕೈಗೆ ಕೊಡುತ್ತಾನೆ, ದಿನಕ್ಕೆ 100ರ ಹಾಗೆ 100 ದಿನ. ಕೇಳುವಾಗ ಹತ್ತು ಪರ್ಸೆಂಟ್ ಅನಿಸುತ್ತದೆ. ಆದರೆ ಅಸಲು ದಿನಾ ಇಳಿಯುತ್ತಾ ಹೋಗುತ್ತದಲ್ಲ, ಸರಾಸರಿ ನೋಡಿದರೆ ಅವಳ ಕೈಯಲ್ಲಿ ಇರುವುದು ನಾಲ್ಕೂವರೆ ಸಾವಿರ. ವರ್ಷಕ್ಕೆ ಲೆಕ್ಕ ಹಾಕಿದರೆ ಬಡ್ಡಿ 80 ಪರ್ಸೆಂಟ್ ಹತ್ತಿರ ಬರುತ್ತದೆ. ಮಳೆಗೆ ಮೀನಿಲ್ಲದ ದಿನ ಅವರು ನನಗೆ ಹೇಳುವುದು “ಇನಿ ಇಜ್ಜಿ ಅಣ್ಣಾ, ಎಲ್ಲೆ ಬಲೆ.” ಇವತ್ತು ಇಲ್ಲ, ನಾಳೆ ಬನ್ನಿ ಅಂತ. ಅವನಿಗೆ ಹಾಗೆ ಹೇಳಲಿಕ್ಕೆ ಆಗುವುದಿಲ್ಲ.

ಮೊದಲು ನಾನು ಇದನ್ನು ಅವರ ಲೆಕ್ಕದ ದಡ್ಡತನ ಅಂದುಕೊಂಡಿದ್ದೆ. ಗ್ರೇಬರ್ ಓದಿದ ಮೇಲೆ ಪ್ರಶ್ನೆ ತಿರುಗಿತು. ಇಬ್ಬರ ನಡುವೆ ಒಬ್ಬ ಮಾತ್ರ ‘ನಾಳೆ’ ಅನ್ನಬಹುದಾದರೆ, ಅಲ್ಲಿ ಇರುವುದು ಬರೀ ಲೆಕ್ಕವಾ?

ಇನ್ನೊಂದು ಭಾಗ ಉಂಟು, ಅದನ್ನು ಓದಿ ನಾನು ಒಬ್ಬನೇ ನಕ್ಕೆ. ನೈಜೀರಿಯಾದ ಟಿವ್ ಜನರ ಊರಿಗೆ ಹೊಸದಾಗಿ ಹೋದವರಿಗೆ ಅಕ್ಕಪಕ್ಕದ ಹೆಂಗಸರು ಮೊಟ್ಟೆ, ಬೆಂಡೆಕಾಯಿ ತಂದು ಕೊಡುತ್ತಾರೆ. ತಿರುಗಿ ಏನಾದರೂ ಕೊಡಬೇಕು. ಆದರೆ ಸರಿಯಾಗಿ ಅಷ್ಟೇ ಬೆಲೆಯದ್ದು ಕೊಡಬಾರದು. ಸ್ವಲ್ಪ ಜಾಸ್ತಿ ಅಥವಾ ಸ್ವಲ್ಪ ಕಡಿಮೆ ಇರಬೇಕು. ಸಮ ಮಾಡಿಬಿಟ್ಟರೆ ಇನ್ನು ನಿನ್ನ ಸಹವಾಸ ಬೇಡ ಅಂದ ಹಾಗೆ. ಮಾರಾಯ್ರೆ, ಇದು ನಮ್ಮ ಬೇಲಿಯಾಚೆಯ ಬಾಯಮ್ಮನ ಕಥೆಯೇ ಅಲ್ವಾ? ಕ್ರಿಸ್ಮಸ್‌ಗೆ ಅವರಿಂದ ಕುಸ್ವಾರ್, ಅಂದರೆ ಹಬ್ಬದ ತಿಂಡಿ ಬರುತ್ತದೆ. ಆ ಪಾತ್ರೆ ನಮ್ಮಲ್ಲೇ ಇರುತ್ತದೆ, ಖಾಲಿ ಪಾತ್ರೆ ಕೊಡಲಿಕ್ಕಿಲ್ಲವಲ್ಲ. ಹಲಸಿನ ಹಣ್ಣಿನ ಗಟ್ಟಿ ಮಾಡಿದಾಗ ಅದರಲ್ಲಿ ಹಾಕಿ ಕೊಡುತ್ತೇವೆ. ಚೌತಿಗೆ ಇನ್ನೊಂದು ಪಾತ್ರೆ ಹೋಗುತ್ತದೆ. ಯಾರ ಪಾತ್ರೆ ಯಾರ ಮನೆಯಲ್ಲಿದೆ ಅಂತ ಈಗ ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ಲೆಕ್ಕದ ಕೆಲಸ ಮಾಡಿದ ನನಗೆ ನನ್ನ ಮನೆಯ ಅಡುಗೆಕೋಣೆಯಲ್ಲಿ ಇಷ್ಟು ದೊಡ್ಡ ‘ಬಾಕಿ’ ಇದೆ ಅಂತ ತೋರಿಸಿದ್ದು ಲಂಡನ್ನಿನಲ್ಲಿ ಕೂತ ಆ ಮನುಷ್ಯ.

2020 ಹೇಗಿತ್ತು ಅಂತ ನಿಮಗೆ ಗೊತ್ತು. ಏಪ್ರಿಲ್‌ನಲ್ಲಿ ಸೆಂಟ್ರಲ್ ಮಾರ್ಕೆಟ್ ಮುಚ್ಚಿ ವ್ಯಾಪಾರಿಗಳನ್ನು ಬೈಕಂಪಾಡಿ ಎಪಿಎಂಸಿಗೆ ಕಳಿಸಿದರು. ನನ್ನ ಲೈನಿನ ಅರ್ಧ ಹೋಯಿತು. ಕಲೆಕ್ಷನ್ ಇಲ್ಲ ಅಂದರೆ ನಮಗೆ ಕಮಿಷನ್ನೂ ಇಲ್ಲ. ರಿಸರ್ವ್ ಬ್ಯಾಂಕ್ ಸಾಲದ ಕಂತಿಗೆ ಆರು ತಿಂಗಳ ವಿನಾಯಿತಿ ಕೊಟ್ಟಿತ್ತು, ಬಡ್ಡಿ ಮಾತ್ರ ಒಳಗಿಂದೊಳಗೆ ಬೆಳೆಯುತ್ತಿತ್ತು. ಆ ವಿನಾಯಿತಿ ಮುಗಿದದ್ದು ಆಗಸ್ಟ್ 31ಕ್ಕೆ. ಇನ್ನು ಎಂತ ಕಥೆ ಅಂತ ಊರಿಡೀ ಜನ ತಲೆ ಮೇಲೆ ಕೈ ಹೊತ್ತು ಕೂತಿರುವಾಗ, ಎರಡು ದಿನ ಬಿಟ್ಟು ಗ್ರೇಬರ್ ಹೋದರು. 59 ವರ್ಷ. ಈ ಸಾಲದ ಗಲಾಟೆಯ ಬಗ್ಗೆ ಅವರು ಎಂತ ಬರೆಯುತ್ತಾರೆ ಅಂತ ನಾನು ಕಾಯುತ್ತಿದ್ದೆ. ಮೊಬೈಲಿನಲ್ಲಿ ಸುದ್ದಿ ನೋಡಿ ಹೆಂಡತಿಗೆ ಹೇಳಿದೆ. ಅವಳು “ಯಾರು, ನಿಮ್ಮ ಸಂಘದವರಾ?” ಅಂತ ಕೇಳಿದಳು. ಹೌದು ಅಂದುಬಿಟ್ಟೆ. ವಿವರಿಸುವ ಶಕ್ತಿ ಇರಲಿಲ್ಲ.

ಈಗ ಜಗಳಕ್ಕೆ ಬರುತ್ತೇನೆ. ಆ ಪುಸ್ತಕದಲ್ಲಿ ಸಾಲ ಕೊಟ್ಟವನು ಹೆಚ್ಚಾಗಿ ದೊಡ್ಡವನೇ. ಅರಮನೆ, ದೇವಸ್ಥಾನ, ಸಾಹುಕಾರ, ಬ್ಯಾಂಕು, ಐಎಂಎಫ್. ಹಳೇ ಮೆಸೊಪೊಟೇಮಿಯಾದಲ್ಲಿ ಹೊಸ ರಾಜ ಪಟ್ಟಕ್ಕೆ ಬಂದಾಗ ರೈತರ ಸಾಲ ಒರೆಸಿ ಹಾಕಿ, ಸಾಲಕ್ಕೆ ಜೀತ ಹೋದವರನ್ನು ಮನೆಗೆ ಕಳಿಸುತ್ತಿದ್ದರಂತೆ. ಈಗಲೂ ಒಮ್ಮೆ ಹಾಗೆ ಮಾಡಬೇಕು ಅಂತ ಪುಸ್ತಕ ಮುಗಿಯುತ್ತದೆ. ಓದುವಾಗ ಮೈ ಬಿಸಿಯಾಗುತ್ತದೆ. ಆದರೆ ನನ್ನ ಸಂಘದಲ್ಲಿ ಆ ಮೀನಿನ ಅಕ್ಕನಿಗೆ ಸಾಲ ಕೊಟ್ಟದ್ದು ಯಾರು? ರಥಬೀದಿಯಲ್ಲಿ ಮಲ್ಲಿಗೆ ಚೆಂಡು ಮಾರುವ ಅಕ್ಕನ ದಿನದ ಐವತ್ತು ರೂಪಾಯಿ. ಒಬ್ಬಳ ಸಾಲ ಒರೆಸಿದರೆ ಇನ್ನೊಬ್ಬಳ ಉಳಿತಾಯ ಒರೆಸಿಹೋಗುತ್ತದೆ. ಅರಮನೆಯೇ ಇಲ್ಲದ ಕಡೆ ಮನ್ನಾ ಮಾಡುವವರು ಯಾರು?

ಗ್ರೇಬರ್ ಟ್ವಿಟ್ಟರ್‌ನಲ್ಲಿ ಯಾರು ಎಂತ ಕೇಳಿದರೂ ಬಿಡದೆ ವಾದಕ್ಕೆ ನಿಲ್ಲುವವರು. ಅವರ ಬಗ್ಗೆ ಹೊಗಳಿ ಬರೆದದ್ದು ಎಷ್ಟು ಓದಿದರೂ ನನ್ನ ಹೊಟ್ಟೆ ತುಂಬುವುದಿಲ್ಲ. ನನಗೆ ಬೇಕಾದದ್ದು ಅವರ ಉತ್ತರ.

ಸಾಲಿಗ್ರಾಮದ ಟೀಚರ್

ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ಗ್ರೇಬರ್ ಓದಿಲ್ಲ. ನನ್ನದು ಕಾರಂತರ ಕಥೆ. ನಾವು ಕೋಟದ ಕಡೆಯವರು, ಹಾಗಾಗಿ ಅವರು ನಮಗೆ ಊರಿನವರೇ. ಅಪ್ಪನ ಕಪಾಟಿನಲ್ಲಿದ್ದ ಅವರ ‘ಬಾಲಪ್ರಪಂಚ’ ನೋಡಿಯೇ ನಾನು ವಿಜ್ಞಾನ ಓದಿದ್ದು. 1997ರ ಡಿಸೆಂಬರ್ 9ರಂದು ಹೋದರು. 95 ದಾಟಿತ್ತು, ತುಂಬಿದ ಬಾಳು ಅಂತ ಎಲ್ಲರೂ ಅಂದರು. ನನಗೆ ಮಾತ್ರ ಸಿಟ್ಟು ಬಂದಿತ್ತು.

ಯಾಕೆ ಅಂದರೆ ನಮ್ಮ ಮನೆಯಲ್ಲಿ ದೇವರಕೋಣೆ ಉಂಟು, ದಿನಾ ದೀಪ ಇಡುವವಳು ನಾನೇ. ದೇವರನ್ನು ನಂಬದ ಕಾರಂತರು ಹೇಳಿದ್ದನ್ನೂ ಬಿಡಲಾರೆ, ದೀಪವನ್ನೂ ಬಿಡಲಾರೆ. ಇದಕ್ಕೆ ನೀವೇನು ಹೇಳುತ್ತೀರಿ ಅಂತ ಅವರನ್ನೇ ಕೇಳಬೇಕಿತ್ತು. ಹೊಗಳಿದರೆ ಅವರಿಗೆ ಆಗುತ್ತಿರಲಿಲ್ಲ. ತುರ್ತುಪರಿಸ್ಥಿತಿ ಬಂದಾಗ ಪದ್ಮಭೂಷಣವನ್ನೇ ವಾಪಸ್ ಕೊಟ್ಟ ಮನುಷ್ಯ. ಕೈಗಾ ಅಣುಸ್ಥಾವರ ಬೇಡ ಅಂತ 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು. ಸೋಲುತ್ತೇನೆ ಅಂತ ಅವರಿಗೆ ಗೊತ್ತಿರಲಿಲ್ಲವಾ?

ನಾನು ಮಾಡಿದ್ದು ಹೇಳುತ್ತೇನೆ. ಕಾರಂತರ ಜನ್ಮದಿನಕ್ಕೆ ಶಾಲೆಯಲ್ಲಿ ಭಾಷಣ ಮಾಡಿಸುವುದು ಬಿಟ್ಟೆ. “ಕಡಲತೀರದ ಭಾರ್ಗವ” ಅಂತ ಶುರುವಾಗಿ ಪ್ರಶಸ್ತಿಗಳ ಪಟ್ಟಿಯಲ್ಲಿ ಮುಗಿಯುವ ಆ ಭಾಷಣ ನಿಮಗೆಲ್ಲ ಗೊತ್ತಲ್ಲ. ಅದರ ಬದಲು ಏಳನೇ ಕ್ಲಾಸಿನವರಿಗೆ ಅವರ ಒಂದು ಪುಟ ಕೊಟ್ಟು, ಇದರಲ್ಲಿ ನಿಮಗೆ ಒಪ್ಪದ್ದು ಯಾವುದು ಅಂತ ಬರೆಸುತ್ತೇನೆ. ಕಳೆದ ಸಲ ಒಬ್ಬ ಹುಡುಗ ಬರೆದದ್ದು: “ಕಾರಂತಜ್ಜನಿಗೆ ಹೆದರಿಕೆ ಇಲ್ಲ, ನನಗೆ ಉಂಟು, ಆದ್ದರಿಂದ ನನಗೆ ದೇವರು ಬೇಕು.” ಈ ಉತ್ತರ ನನಗೇ ಹೊಳೆದಿರಲಿಲ್ಲ.

ನಿವೃತ್ತ ಮ್ಯಾನೇಜರ್, ಉಡುಪಿ

ಮೊದಲು ಆಕ್ಷೇಪ, ಆಮೇಲೆ ಸಮಾಧಾನ.

ಈ ಪುಸ್ತಕವನ್ನು ಮಗ ತಂದುಕೊಟ್ಟಿದ್ದ, ಓದಿದ್ದೇನೆ. ಓದಿಸಿಕೊಂಡು ಹೋಗುತ್ತದೆ, ಒಪ್ಪುತ್ತೇನೆ. ಆದರೆ ಮನುಷ್ಯ ಅವಸರದವರು. ಮೊದಲ ಮುದ್ರಣದಲ್ಲಿ ಆ್ಯಪಲ್ ಕಂಪನಿ ಶುರು ಮಾಡಿದ್ದು ಐಬಿಎಂ ಬಿಟ್ಟು ಬಂದ ಎಂಜಿನಿಯರ್‌ಗಳು ಅಂತ ಬರೆದುಬಿಟ್ಟಿದ್ದರು. ಅದನ್ನು ಶುರು ಮಾಡಿದವರಲ್ಲಿ ಜಾಬ್ಸ್ ಮೊದಲು ಇದ್ದದ್ದು ಅಟಾರಿ ಕಂಪನಿಯಲ್ಲಿ, ವೋಜ್ನಿಯಾಕ್ ಎಚ್‌ಪಿಯಲ್ಲಿ. ಆಮೇಲಿನ ಮುದ್ರಣದಲ್ಲಿ ತಿದ್ದಿದರು. ನನ್ನ ಬ್ರಾಂಚಿನಲ್ಲಿ ಹೀಗೆ ಎಂಟ್ರಿ ಹಾಕಿದ್ದರೆ ಆಡಿಟರು ಬಿಡುತ್ತಿರಲಿಲ್ಲ.

ಆದರೆ ದುಡ್ಡು ಹುಟ್ಟುವ ಮೊದಲು ಜನ ವಸ್ತುವಿಗೆ ವಸ್ತು ಬದಲಾಯಿಸಿ ಬದುಕುತ್ತಿದ್ದರು ಅನ್ನುವ ಕಥೆ ಉಂಟಲ್ಲ, ನಾವೆಲ್ಲ ಬ್ಯಾಂಕಿಂಗ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು, ಅದನ್ನು ಅವರು ಒಡೆದು ಹಾಕಿದ್ದು ಸರಿಯಾಗಿಯೇ ಉಂಟು. ಅಕ್ಕಪಕ್ಕದವರು ದಿನಾ ಕೋಳಿ ಕೊಟ್ಟು ಚಪ್ಪಲಿ ತೆಗೆದುಕೊಂಡು ಬಾಳಿದ ಊರನ್ನು ಯಾರೂ ಕಂಡಿಲ್ಲ. ನಾಣ್ಯ ಬರುವ ಎರಡು ಸಾವಿರ ವರ್ಷಕ್ಕೂ ಮೊದಲೇ ಮೆಸೊಪೊಟೇಮಿಯಾದಲ್ಲಿ ಮಣ್ಣಿನ ಹಲಗೆ ಮೇಲೆ ಬಾಕಿ ಬರೆದಿಟ್ಟಿದ್ದಾರೆ. ಕುಡಿದದ್ದಕ್ಕೆ ಬೆಳೆ ಬಂದಾಗ ಬಾರ್ಲಿ ಅಳೆದು ಕೊಡುವುದು. ಚಿಕ್ಕವನಿದ್ದಾಗ ನಮ್ಮ ಜೀನಸು ಅಂಗಡಿಯಲ್ಲೂ ಇದೇ ನಡೆಯುತ್ತಿತ್ತು. “ಬರೆದಿಡಿ” ಅಂದರೆ ಮುಗಿಯಿತು. ಕೊಯ್ಲಾದ ಮೇಲೆ ಚುಕ್ತಾ.

ಇನ್ನು ನಿಮ್ಮ ಪಿಗ್ಮಿ. ಅದು ಶುರುವಾದದ್ದು ನಮ್ಮ ಉಡುಪಿಯಲ್ಲೇ ಅಂತ ನಿಮಗೆ ಗೊತ್ತಿರಬಹುದು, ಆದರೂ ಬರೆಯುತ್ತೇನೆ. ಕೈಮಗ್ಗದ ನೇಕಾರರ ಕಷ್ಟ ನೋಡಿ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಬ್ಯಾಂಕು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಶುರು ಮಾಡಿದರು, ದಿನಕ್ಕೆ ಎರಡಾಣೆ, ಏಜೆಂಟ್ ಮನೆ ಬಾಗಿಲಿಗೇ ಹೋಗುವುದು. ಎರಡಾಣೆಯವನ ದುಡ್ಡು ಒಟ್ಟು ಮಾಡಿ ಅದೇ ಊರಿನವನಿಗೆ ಸಾಲ. ಗ್ರೇಬರ್ ಪುಸ್ತಕದಲ್ಲಿ ಈ ಕಥೆ ಇಲ್ಲ. ಅವರು ಇಲ್ಲಿಗೆ ಒಮ್ಮೆ ಬರಬೇಕಿತ್ತು.

ನಾನು ಸಾಲಮೇಳದ ಕಾಲದ ಕ್ಲಾರ್ಕ್. ಜನಾರ್ದನ ಪೂಜಾರಿಯವರು ಕೇಂದ್ರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರು. ಮೈದಾನದಲ್ಲಿ ಶಾಮಿಯಾನ ಹಾಕಿ, ಬ್ಯಾಂಕಿನ ಮೆಟ್ಟಿಲು ಹತ್ತದವರನ್ನು ಕರೆದು ಸಾಲ ಕೊಟ್ಟದ್ದು. ನಮ್ಮ ಮ್ಯಾನೇಜರು ಗೊಣಗಿದ್ದೇ ಗೊಣಗಿದ್ದು. ನಾನೂ ಗೊಣಗಿದೆ. ಎಮ್ಮೆ ಸಾಲ ತೆಗೆದುಕೊಂಡ ಒಬ್ಬ ಹೆಂಗಸು ಕಂತು ಕಟ್ಟಲಿಕ್ಕೆ ಬಂದಾಗ ಕೌಂಟರಿನ ಎದುರು ಚಪ್ಪಲಿ ಕಳಚಿ ನಿಂತಳು. ದೇವಸ್ಥಾನಕ್ಕೆ ಬಂದ ಹಾಗೆ. ಹಾಕಿಕೊಳ್ಳಿ ಅಂದರೂ ಹಾಕಲಿಲ್ಲ. ನಿಮ್ಮ ಪೋಸ್ಟ್ ಓದುವಾಗ ಯಾಕೋ ಅವಳು ನೆನಪಾದಳು.

ನಿಮ್ಮ ಜಗಳದಲ್ಲಿ ನಾನು ನಿಮ್ಮ ಪಕ್ಷ. ಠೇವಣಿದಾರನನ್ನು ಮರೆತು ಸಾಲದ ಬಗ್ಗೆ ಬರೆಯಬಾರದು.

ಹೆಬ್ರಿ ಕಡೆಯವ

ಮ್ಯಾನೇಜರ್ ಸಾರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಅರಮನೆ ಇಲ್ಲದ ಕಡೆ ಮನ್ನಾ ಮಾಡುವವರು ಯಾರು ಅಂತ ಕೇಳಿದಿರಲ್ಲ. ನಮ್ಮಲ್ಲೇ ಒಮ್ಮೆ ಆಗಿದೆ. ದೇವರಾಜ ಅರಸು ಕಾಲದಲ್ಲಿ. 1974ರ ಭೂಸುಧಾರಣೆ ಎಲ್ಲರಿಗೂ ನೆನಪುಂಟು, ಗೇಣಿ ಭೂಮಿ ಉಳುವವನಿಗೆ ಬಂತು. ಅದರ ಹಿಂದೆಯೇ ಬಂದ 1976ರ ಋಣ ಪರಿಹಾರ ಕಾಯ್ದೆ ಮರೆತುಹೋಗಿದೆ. ಸಣ್ಣ ರೈತರು, ಭೂಮಿ ಇಲ್ಲದ ಕೂಲಿಯವರು, ದುರ್ಬಲ ವರ್ಗದವರು ಸಾಹುಕಾರರಿಗೆ ಕೊಡಬೇಕಾದ ಸಾಲ ರದ್ದು. ಅಡವಿಟ್ಟ ಒಡವೆ, ಪಾತ್ರೆ ಇದ್ದರೆ ವಾಪಸ್ ಕೊಡಬೇಕು.

ನಮ್ಮ ಅಜ್ಜಿಯ ಬೆಂಡೋಲೆ ಹಾಗೆ ವಾಪಸ್ ಬಂದದ್ದು. ಅಜ್ಜಿ ಹೇಳುತ್ತಿದ್ದದ್ದು ಹೀಗೆ: ಸಾಹುಕಾರರ ಮನೆ ಚಾವಡಿಯಲ್ಲಿ ಒಂದು ಬಿಸ್ಕೆಟ್ ಡಬ್ಬಿ, ಅದರೊಳಗೆ ಊರಿನ ಹೆಂಗಸರ ಒಡವೆಯೆಲ್ಲ ಬಟ್ಟೆ ತುಂಡಿನಲ್ಲಿ ಕಟ್ಟಿ ಇಟ್ಟದ್ದು. ಪ್ರತಿ ಗಂಟಿಗೂ ಒಂದು ಚೀಟಿ. ಅಜ್ಜಿಗೆ ಓದು ಬಾರದು. ಬಟ್ಟೆ ನೋಡಿ ಗುರುತು ಹಿಡಿದರಂತೆ, ಅವರದ್ದೇ ಹಳೇ ಸೀರೆಯ ಅಂಚು. ಸಾಹುಕಾರರು ಮಾತಾಡದೆ ಕೊಟ್ಟರು. ಆದರೆ ಮುಂದಿನ ಆಟಿ ತಿಂಗಳಿಗೆ ಅಕ್ಕಿ ಕೇಳಲಿಕ್ಕೆ ಹೋದಾಗ ಅವರ ಮನೆ ಬಾಗಿಲು ತೆರೆಯಲಿಲ್ಲ. ಅದೂ ಕಥೆಯ ಭಾಗವೇ. ಆ ವರ್ಷ ಅಜ್ಜ ಸೊಸೈಟಿಗೆ ಸದಸ್ಯರಾದರು.

ಆ ಕಾಯ್ದೆಯಲ್ಲಿ ಬ್ಯಾಂಕಿನ ಸಾಲ, ಸಹಕಾರಿ ಸಂಘದ ಸಾಲ ಸೇರಿರಲಿಲ್ಲ. ಮೆಸೊಪೊಟೇಮಿಯಾದಲ್ಲೂ ವ್ಯಾಪಾರಿ ವ್ಯಾಪಾರಿಗೆ ಕೊಟ್ಟ ಸಾಲ ಒರೆಸುತ್ತಿರಲಿಲ್ಲ, ಹೊಟ್ಟೆಪಾಡಿಗೆ ಮಾಡಿದ್ದು ಮಾತ್ರ ಅಂತ ಓದಿದ್ದೇನೆ. ಅಂದರೆ ನಿಮ್ಮ ಮೀನಿನ ಅಕ್ಕನ ಎರಡು ಸಾಲ ಒಂದೇ ತರದ್ದಲ್ಲ. ಬೈಕಿನವನದ್ದು ಒರೆಸಬಹುದಾದ್ದು. ನಿಮ್ಮ ಸಂಘದ್ದು ಬೇರೆ.

ಕೊಟ್ಟಾರ ಚೌಕಿ

ನಾನು ಬ್ಯಾಕ್‌ಆಫೀಸ್ ಕೆಲಸದವಳು. ನನಗೆ ಗ್ರೇಬರ್ ಬಂದದ್ದು ಬೇರೆ ಬಾಗಿಲಿನಿಂದ. 2013ರಲ್ಲಿ ಅವರೊಂದು ಸಣ್ಣ ಲೇಖನ ಬರೆದಿದ್ದರು, ಆಮೇಲೆ 2018ರಲ್ಲಿ ‘ಬುಲ್‌ಶಿಟ್ ಜಾಬ್ಸ್’ ಅಂತ ಪುಸ್ತಕವೇ ಆಯಿತು. ಮಾಡುವವನಿಗೇ ಇದರಿಂದ ಯಾರಿಗೂ ಉಪಯೋಗ ಇಲ್ಲ ಅಂತ ಗೊತ್ತಿರುತ್ತದೆ, ಆದರೂ ಇದೆ ಅಂತ ನಟಿಸಬೇಕಾದ ಕೆಲಸಗಳ ಬಗ್ಗೆ. ಆ ಲೇಖನ ನೋಡಿ 2015ರಲ್ಲಿ ಬ್ರಿಟನ್ನಿನಲ್ಲಿ ಯೂಗೌ ಸಂಸ್ಥೆ ಸಮೀಕ್ಷೆ ಮಾಡಿತು. 37% ಜನ ನಮ್ಮ ಕೆಲಸದಿಂದ ಪ್ರಪಂಚಕ್ಕೆ ಏನೂ ಇಲ್ಲ ಅಂದರು.

ನಾನು ಪ್ರತಿ ಶುಕ್ರವಾರ ಒಂದು ಶೀಟ್ ತುಂಬುತ್ತೇನೆ. ಒಮ್ಮೆ ಪರೀಕ್ಷೆಗೆ ಅಂತ ಕಾಮೆಂಟ್ ಕಾಲಂನಲ್ಲಿ ‘ನೀರ್‌ದೋಸೆ’ ಅಂತ ಬರೆದೆ. ಈಗಲೂ ಅಲ್ಲೇ ಉಂಟು. ಅಪ್ರೂವ್ಡ್.

ಅಣ್ಣ, ನಿಮಗೆ ಹೇಳಬೇಕಾದದ್ದು ಒಂದೇ. ಆ ಪುಸ್ತಕದ ಪ್ರಕಾರ ನಿಮ್ಮದು ಅಂಥ ಕೆಲಸ ಅಲ್ಲವೇ ಅಲ್ಲ. ನೀವು ಒಂದು ವಾರ ಹೋಗದಿದ್ದರೆ ದಕ್ಕೆಯಲ್ಲಿ ಜನ ಕೇಳುತ್ತಾರೆ. ನಾನು ಹೋಗದಿದ್ದರೆ ಸಿಸ್ಟಮ್‌ನಿಂದ ಒಂದು ಮೇಲ್ ಬರುತ್ತದೆ ಅಷ್ಟೇ. ಬೇಸರ ಮಾಡಿಕೊಳ್ಳಲಿಕ್ಕೆ ನನಗೆ ಜಾಸ್ತಿ ಹಕ್ಕುಂಟು!

ಅವರು ಹೋದ ಮೇಲೆ 2020ರ ಅಕ್ಟೋಬರ್ 11ಕ್ಕೆ ಅವರ ಹೆಂಡತಿ, ಸ್ನೇಹಿತರು ಸೇರಿ ಶ್ರದ್ಧಾಂಜಲಿ ಸಭೆಯ ಬದಲು ಕಾರ್ನಿವಲ್ ಮಾಡಿದರು, ಬೇರೆ ಬೇರೆ ಊರುಗಳಲ್ಲಿ, ವೇಷ ಹಾಕಿಕೊಂಡು. ನಾನು ಮನೆಯಲ್ಲಿ ವರ್ಕ್ ಫ್ರಮ್ ಹೋಮ್. ತಮ್ಮನ ಹಳೇ ಹುಲಿವೇಷದ ಮುಖವಾಡ ಹಾಕಿ ಟೀಮ್ ಮೀಟಿಂಗ್‌ಗೆ ಕೂತೆ. ಕ್ಯಾಮೆರಾ ಆಫ್ ಇತ್ತು, ಆದರೂ.

ಮತ್ತೆ, ಪುರಾತತ್ವಜ್ಞ ಡೇವಿಡ್ ವೆಂಗ್ರೊ ಜೊತೆ ಬರೆದ ಕೊನೆಯ ಪುಸ್ತಕ ಓದಿದ್ದೀರಾ? ಸಾಯುವ ಕೆಲವೇ ವಾರ ಮೊದಲು ಮುಗಿಸಿದ್ದು, 2021ರಲ್ಲಿ ಬಂತು. ನನ್ನ ಹತ್ತಿರ ಉಂಟು. ಬೇಕಾದರೆ ಕೊಡುತ್ತೇನೆ. ಹಿಂದೆ ಕೊಡುವಾಗ ಸಮ ಮಾಡಬೇಡಿ, ಹಲಸಿನ ಗಟ್ಟಿ ಜೊತೆಗೆ ಕೊಡಿ.

ಪಿಗ್ಮಿ ಲೈನ್, ಮಂಗಳೂರು

ಎಲ್ಲರಿಗೂ ಒಂದೊಂದಾಗಿ ಬರೆಯಬೇಕು ಅಂತಿತ್ತು, ಇವತ್ತು ಕಲೆಕ್ಷನ್ ಮುಗಿಯುವಾಗಲೇ ತಡವಾಯಿತು.

ಟೀಚರ್, ಆ ಹುಡುಗನಿಗೆ ನನ್ನ ನಮಸ್ಕಾರ ಹೇಳಿ. ಕೊಟ್ಟಾರ ಚೌಕಿ, ಪುಸ್ತಕ ಬೇಕು. ನೀರ್‌ದೋಸೆ ತೆಗೆಯಬೇಡಿ, ಹಾಗೇ ಇರಲಿ.

ಹೆಬ್ರಿಯವರೇ, ಆ ಡಬ್ಬಿಯ ಕಥೆ ಓದಿ ತುಂಬ ಹೊತ್ತು ಸುಮ್ನೆ ಕೂತೆ. 1976ರ ಕಾಯ್ದೆ ಬಂದದ್ದು ಗೊತ್ತಿತ್ತು, ಅದನ್ನು ಈ ಜಗಳಕ್ಕೆ ಜೋಡಿಸಿ ನೋಡಿರಲಿಲ್ಲ. ಎರಡು ಸಾಲ ಬೇರೆ ಅನ್ನುವುದು ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ನಾನು ಬಿಡುವುದಿಲ್ಲ. ನಮ್ಮದು ಬೇರೆ ಅಂತ ಹೇಳಿಕೊಂಡು ನಾವು ಜಾರಿಕೊಳ್ಳುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ಸರ್ಕಾರದ್ದೇ ನಿಷೇಧ. ದಕ್ಕೆ ಖಾಲಿ. ಆ ಎರಡು ತಿಂಗಳು ಕಂತು ತಪ್ಪಿದವರಿಗೂ ನಮ್ಮ ಸಂಘದ ಕಂಪ್ಯೂಟರು ಸುಸ್ತಿ ಬಡ್ಡಿ ಹಾಕುತ್ತದೆ. ಸುಸ್ತಿ ಬಡ್ಡಿ ಕಟ್ಟಲಿಕ್ಕೇ ಅವರು ಆ ಬೈಕಿನವನ ಹತ್ತಿರ ಹೋಗುವುದು. ಅಂದರೆ ಆ ಡಬ್ಬಿಗೂ ನಮ್ಮ ಕೌಂಟರಿಗೂ ನಡುವೆ ಒಂದು ದಾರಿ ಉಂಟು.

ಅಸಲು ಒರೆಸಿ ಅಂತ ನಾನು ಕೇಳುವುದಿಲ್ಲ, ಹೂವಿನ ಅಕ್ಕನ ದುಡ್ಡು ಅದು. ಬಡ್ಡಿಯೂ ಇರಲಿ. ಆ 61 ದಿನದ ಸುಸ್ತಿ ಬಡ್ಡಿ ಬೇಡ ಅಂತ ನಿರ್ಣಯ ತರಬಹುದಲ್ವಾ? ಇದೇ ತಿಂಗಳು ನಮ್ಮ ವಾರ್ಷಿಕ ಮಹಾಸಭೆ. ನನಗೂ ಷೇರು ಉಂಟು. ಗ್ರೇಬರ್ ಇದ್ದಿದ್ದರೆ ಇಷ್ಟು ಸಣ್ಣದು ಕೇಳುತ್ತೀಯಾ ಅಂತ ಬೈಯುತ್ತಿದ್ದರೋ ಏನೋ. ಬೈಯಲಿ. ದಕ್ಕೆಗೆ ಬಂದು ಬೈಯಬೇಕಿತ್ತು.

ಮ್ಯಾನೇಜರ್ ಸಾರ್, ನಿರ್ಣಯ ಹೇಗೆ ಬರೆಯುವುದು ಅಂತ ಸ್ವಲ್ಪ ಹೇಳಿಕೊಡಿ.

ನಿವೃತ್ತ ಮ್ಯಾನೇಜರ್, ಉಡುಪಿ

ಒಂದೇ ಪುಟ ಸಾಕು. ಮೆಸೊಪೊಟೇಮಿಯಾ ಬೇಡ.

ಕಳೆದ ವರ್ಷ ಆ ಎರಡು ತಿಂಗಳಲ್ಲಿ ದಕ್ಕೆಯ ಸದಸ್ಯರಿಂದ ಬಂದ ಸುಸ್ತಿ ಬಡ್ಡಿ ಒಟ್ಟು ಎಷ್ಟು ಅಂತ ಅಕೌಂಟೆಂಟ್ ಹತ್ತಿರ ಕೇಳಿ ತೆಗೆದುಕೊಳ್ಳಿ. ಸಂಘದ ಲಾಭದ ಎದುರು ಅದು ಏನೂ ಇರಲಿಕ್ಕಿಲ್ಲ, ಆ ಅಂಕಿಯೇ ನಿಮ್ಮ ಭಾಷಣ. ಸೂಚಿಸುವವರು, ಅನುಮೋದಿಸುವವರು ಇಬ್ಬರ ಸಹಿ ಹಾಕಿಸಿ ಮೊದಲೇ ಕಚೇರಿಗೆ ಕೊಟ್ಟು, ಕೊಟ್ಟದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ. ಅನುಮೋದನೆಗೆ ಆ ಹೂವಿನ ಅಕ್ಕನನ್ನೇ ಕೇಳಿ ನೋಡಿ, ಠೇವಣಿದಾರರ ಬಾಯಿಂದ ಬಂದರೆ ಆಡಳಿತ ಮಂಡಳಿಗೆ ಇಲ್ಲ ಅನ್ನುವುದು ಕಷ್ಟ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಬರುವವರೆಗೆ ಮಾತ್ರ ಕಾಯಬೇಡಿ. ಅಷ್ಟು ಹೊತ್ತಿಗೆ ಎಲ್ಲರೂ ಊಟದ ಕ್ಯೂನಲ್ಲಿ ಇರುತ್ತಾರೆ.